ವೋಚರ್ ತೋರಿಸುವ ಹಲ್ಲಿನ ಡಾಕ್ಟ್ರು

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಸಹಕಾರಿ ಬ್ಯಾಂಕಿನಲ್ಲಿ ನನಗೆ 26 ವರ್ಷ ಸರ್ವಿಸ್. ಅದರಲ್ಲಿ ಮುಕ್ಕಾಲು ಪಾಲು ಕ್ಯಾಶ್ ಕೌಂಟರಿನಲ್ಲೇ ಕಳೆದದ್ದು. ವೋಚರ್ ಇಲ್ಲದೆ ಒಂದು ರೂಪಾಯಿ ಹೊರಗೆ ಹೋಗಬಾರದು ಅನ್ನುವುದು ರಕ್ತಕ್ಕೇ ಹತ್ತಿಬಿಟ್ಟಿದೆ. ಮೀನಿನವನ ಹತ್ತಿರವೂ ರಶೀದಿ ಕೇಳುವವಳು ಅಂತ ಆಫೀಸಿನಲ್ಲಿ ತಮಾಷೆ ಮಾಡುತ್ತಾರೆ. ನಾವು ಮೀನು ತಿನ್ನುವವರೇ ಅಲ್ಲ, ಅದು ಬೇರೆ ವಿಷಯ. ಇಂಥ ನಾನು ಡಾಕ್ಟ್ರ ಹತ್ತಿರ ಮಾತ್ರ ಯಾವತ್ತೂ ಏನನ್ನೂ ಕೇಳಿದವಳಲ್ಲ. ಹೇಳಿದ್ದಕ್ಕೆ ತಲೆಯಾಡಿಸುವುದು, ಬರೆದದ್ದನ್ನು ಮೆಡಿಕಲ್ಲಿನಲ್ಲಿ ತೆಗೆದುಕೊಳ್ಳುವುದು, ಹೇಳಿದಷ್ಟು ಕೊಟ್ಟು ಬಸ್ಸು ಹತ್ತುವುದು. ಹೆಚ್ಚಿನವರು ಹೀಗೇ ಅಲ್ವಾ?

ಆ ಅಭ್ಯಾಸ ತಪ್ಪಿದ್ದು ಬದಿಯಡ್ಕ ಕಡೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ. ಐದು ವರ್ಷಕ್ಕೂ ಜಾಸ್ತಿ ಆಯಿತು, ನಮ್ಮ ಮನೆಯ ನಾಲ್ಕೂ ಬಾಯಿಗಳು ಅಲ್ಲಿಗೇ ಹೋಗುತ್ತವೆ. ಹೆಸರು ಹಾಕಬೇಡಿ ಅಂತ ಡಾಕ್ಟ್ರೇ ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಬೈಯುವುದೂ ಸ್ವಲ್ಪ ಉಂಟು, ಹಾಕದಿರುವುದೇ ಒಳ್ಳೆಯದು.

ಶುರುವಾದದ್ದು 2020ರ ಮಾರ್ಚಿನಲ್ಲಿ. ನಮ್ಮ ಕಡೆಯವರಿಗೆ ಗೊತ್ತು, ನೆಗಡಿಗಿಂತ ದೊಡ್ಡದು ಏನೇ ಬಂದರೂ ನಾವು ಮಂಗಳೂರಿನ ಬಸ್ಸು ಹತ್ತುವವರು. ನನ್ನ ಕೆಳಗಿನ ದವಡೆ ಹಲ್ಲಿಗೂ ಅಲ್ಲಿಯೇ ಒಂದು ಕಡೆ ರೂಟ್ ಕೆನಾಲ್ ಶುರು ಮಾಡಿಸಿದ್ದೆ. ಹಲ್ಲು ಕೊರೆದು, ಅರ್ಧ ನರ ತೆಗೆದು, ಮೇಲೆ ತಾತ್ಕಾಲಿಕ ಸಿಮೆಂಟು ಹಾಕಿ ಮುಂದಿನ ವಾರ ಬನ್ನಿ ಅಂದಿದ್ದರು. ಆ ಮುಂದಿನ ವಾರ ಬರಲೇ ಇಲ್ಲ. ಲಾಕ್‌ಡೌನ್ ಆಯಿತು, ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ಆಂಬುಲೆನ್ಸಿಗೇ ದಾರಿ ಇಲ್ಲದ ದಿನಗಳು, ಇನ್ನು ನನ್ನ ಹಲ್ಲನ್ನು ಕೇಳುವವರು ಯಾರು?

ನಾಲ್ಕನೇ ದಿನ ರಾತ್ರಿ ಆ ಸಿಮೆಂಟು ಎದ್ದು ಬಂತು. ಅವಲಕ್ಕಿ ತಿನ್ನುತ್ತಿದ್ದೆ. ಆಮೇಲಿನ ನೋವು ಹೇಳಿ ಸುಖವಿಲ್ಲ. ನೀರು ಕುಡಿದರೆ ಕಿವಿಯವರೆಗೆ ಸೆಳೆತ. ಬೆಳಿಗ್ಗೆ ಗಂಡ ಮೆಡಿಕಲ್ಲಿಗೆ ಹೋಗಿ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆಯ ಒಂದು ಪಟ್ಟಿ ತಂದರು. ಹಲ್ಲು ನೋವೆಂದರೆ ಅದೇ ಅಂತ ನಮಗೆಲ್ಲ ಬಾಯಿಪಾಠ. ಜೊತೆಗೆ ಅಂಗಡಿಯವರು ಒಂದು ಫೋನ್ ನಂಬರನ್ನೂ ಬರೆದು ಕೊಟ್ಟಿದ್ದರು. ಹೊಸದಾಗಿ ಬಂದ ಹಲ್ಲಿನ ಡಾಕ್ಟ್ರಂತೆ, ಹೆಂಗಸು, ಕನ್ನಡ ಬರುತ್ತದಂತೆ.

ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಎಲ್ಲಿ ನೋವು ಅಂತ ಅಲ್ಲ. "ಅಕ್ಕ, ಮುಖ ಊದಿದೆಯಾ? ಜ್ವರ ಉಂಟಾ? ಬಾಯಿ ಪೂರ್ತಿ ತೆರೆಯಲು ಆಗುತ್ತದಾ? ಎಂಜಲು ನುಂಗುವಾಗ ಕಷ್ಟವಾ?" ನಾಲ್ಕಕ್ಕೂ ತೊಂದರೆ ಇಲ್ಲ ಅಂದೆ. ಹಾಗಾದರೆ ಆ ಪಟ್ಟಿ ಬೇಡ, ಒಡೆಯದೆ ವಾಪಸ್ ಕೊಡಿ ಅಂದರು. ನನಗೆ ಸಿಟ್ಟೇ ಬಂತು. ನೋವು ನನಗೆ, ಇವರಿಗೇನು?

ಅವರು ಫೋನಿನಲ್ಲೇ ಬಿಡಿಸಿ ಹೇಳಿದರು. ನೋವು ಬರುತ್ತಿರುವುದು ಹಲ್ಲಿನೊಳಗೆ ಉಳಿದ ನರ ಊದಿಕೊಂಡದ್ದರಿಂದ. ಆಂಟಿಬಯಾಟಿಕ್ ಆ ನೋವನ್ನು ಇಳಿಸುವುದಿಲ್ಲ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಇಂಥದೇ ನೋವಿನ 40 ಮಂದಿಯಲ್ಲಿ ಕೆಲವರಿಗೆ ಪೆನ್ಸಿಲಿನ್, ಕೆಲವರಿಗೆ ಬರೀ ಹಿಟ್ಟಿನ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಅಂತ ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. "ಅದು ಸಣ್ಣ ಪರೀಕ್ಷೆ, 40 ಜನ ಜಾಸ್ತಿ ಅಲ್ಲ," ಅಂತ ಅವರೇ ಸೇರಿಸಿದರು. ಆದರೂ ಅಮೆರಿಕದ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಎಲ್ಲವನ್ನೂ ಕೂಡಿಸಿ ನೋಡಿ, ಊತ, ಜ್ವರ ಇಲ್ಲದ ಹಲ್ಲು ನೋವಿಗೆ ಸಾಧಾರಣವಾಗಿ ಆಂಟಿಬಯಾಟಿಕ್ ಬೇಡ ಅಂತಲೇ ಹೇಳಿದೆಯಂತೆ. ಆಮೇಲೆ ಗ್ಯಾಸ್ಟ್ರಿಕ್ ಉಂಟಾ, ಕಿಡ್ನಿ ತೊಂದರೆ ಉಂಟಾ, ಬಿಪಿಗೆ ಏನು ತೆಗೆದುಕೊಳ್ಳುತ್ತೀರಿ ಅಂತೆಲ್ಲ ಕೇಳಿ ನೋವಿನ ಮಾತ್ರೆ ಹೇಳಿದರು. ಮರುದಿನ ಬಾಯಿಗೆ ಎರಡು ಮಾಸ್ಕ್, ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿಕೊಂಡು ಕೂತು ಉಳಿದ ನರ ತೆಗೆದುಕೊಟ್ಟರು.

ಪಟ್ಟಿ ವಾಪಸಾಯಿತು. ಅಂಗಡಿಯವರ ಮುಖ ಸ್ವಲ್ಪ ಸಣ್ಣಗಾಯಿತಂತೆ.

ನನಗೆ ನಾಟಿದ್ದು ಮಾತ್ರೆ ಬೇಡ ಅಂದದ್ದಲ್ಲ. ಬೇಡ ಅನ್ನಲು ಆಧಾರ ಇದು, ಆ ಆಧಾರ ಎಷ್ಟು ಗಟ್ಟಿ ಅಂತಲೂ ಹೇಳಿದ್ದು. ವೋಚರ್ ತೋರಿಸಿ, ಇದರಲ್ಲಿ ಒಂದು ಸಹಿ ಕಮ್ಮಿ ಇದೆ ಅಂತ ತಾನೇ ಹೇಳುವ ಗಿರಾಕಿಯನ್ನು ನಾನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

ಆಮೇಲೆ ಹೋದಾಗಲೆಲ್ಲ ಕೇಳುವುದೇ ಕೆಲಸವಾಯಿತು. ಒಂದು ಸಲ ನೇರವಾಗಿಯೇ ಕೇಳಿದೆ, ನೀವು ಎಲ್ಲದಕ್ಕೂ ಪುಸ್ತಕ ನೋಡುತ್ತೀರಾ, ಹಾಗಾದರೆ ಕೈಗುಣ ಏನಾಯಿತು? ಅವರು ನಕ್ಕು, ಒಲೆಗೆ ಎಷ್ಟು ಕಲ್ಲು ಅಂತ ಕೇಳಿದರು. ಡೇವಿಡ್ ಸ್ಯಾಕೆಟ್ ಅನ್ನುವ ಡಾಕ್ಟ್ರು ಮತ್ತು ಅವರ ಜೊತೆಯವರು 1996ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಿದ್ದಾರಂತೆ. ಒಳ್ಳೆಯ ಸಂಶೋಧನೆ ಒಂದು ಕಲ್ಲು, ಡಾಕ್ಟ್ರ ಅನುಭವ ಇನ್ನೊಂದು, ರೋಗಿಗೆ ಏನು ಬೇಕು ಅನ್ನುವುದು ಮೂರನೆಯದು. ಕಲ್ಲಿನ ಮಾತು ಡಾಕ್ಟ್ರದ್ದು, ಸ್ಯಾಕೆಟ್‌ರದ್ದಲ್ಲ. ಮೂರನೇ ಕಲ್ಲನ್ನು ಇಷ್ಟು ವರ್ಷ ನನ್ನ ಹತ್ತಿರ ಯಾರೂ ಕೇಳಿರಲಿಲ್ಲ ಅಂತ ಆಗ ಹೊಳೆಯಿತು.

ಹಲ್ಲು ಕ್ಲೀನಿಂಗ್ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ದುಡ್ಡಿನ ವಿಷಯ. ಮಂಗಳೂರಿನಲ್ಲಿ ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಅಂತ ಇಡೀ ಸಂಸಾರಕ್ಕೆ ಪ್ಯಾಕೇಜ್ ಮಾಡಿಸಿದ್ದೆ. ಇಲ್ಲಿಯೂ ಬರೆದುಕೊಳ್ಳಿ ಅಂದರೆ ಈ ಡಾಕ್ಟ್ರು ಪೆನ್ನೇ ಎತ್ತಲಿಲ್ಲ. ಕಾಕ್ರೇನ್ ಅಂತ ಒಂದು ಸಂಸ್ಥೆ ಉಂಟು. 1993ರಲ್ಲಿ ಶುರುವಾದದ್ದು, ಆರ್ಚಿ ಕಾಕ್ರೇನ್ ಅನ್ನುವ ಬ್ರಿಟಿಷ್ ಡಾಕ್ಟ್ರ ಹೆಸರಿನದ್ದು. ಒಂದೊಂದು ಚಿಕಿತ್ಸೆಯ ಮೇಲೆ ಎಲ್ಲೆಲ್ಲಿ ಪರೀಕ್ಷೆ ಆಗಿದೆಯೋ ಎಲ್ಲವನ್ನೂ ಒಟ್ಟು ಹಾಕಿ ಆಡಿಟ್ ಮಾಡುವುದು ಅವರ ಕೆಲಸ. ಆಡಿಟ್ ಅನ್ನುವ ಶಬ್ದ ನನ್ನದು. 2018ರಲ್ಲಿ ಅವರು ಕ್ಲೀನಿಂಗಿನ ಆಡಿಟ್ ಮಾಡಿದರು. ಲೆಕ್ಕಕ್ಕೆ ಸಿಕ್ಕ ಪರೀಕ್ಷೆ ಎರಡೇ, ಜನ 1711. ಒಸಡಿನ ದೊಡ್ಡ ಕಾಯಿಲೆ ಇಲ್ಲದೆ, ತಪ್ಪದೆ ಡಾಕ್ಟ್ರ ಹತ್ತಿರ ಹೋಗುವ ದೊಡ್ಡವರಿಗೆ, ಆರು ತಿಂಗಳಿಗೊಮ್ಮೆ ಕ್ಲೀನ್ ಮಾಡಿಸಿದರೂ ಮಾಡಿಸದಿದ್ದರೂ ಎರಡು ಮೂರು ವರ್ಷದಲ್ಲಿ ಒಸಡಿನಲ್ಲಿ ಹೆಚ್ಚೇನೂ ಫರಕು ಇಲ್ಲ. ಹಲ್ಲಿಗೆ ಅಂಟುವ ಗಟ್ಟಿ ಕರೆ ಸ್ವಲ್ಪ ಕಮ್ಮಿ ಇರುತ್ತದೆ, ಅಷ್ಟೇ.

ನಾನು ಖುಷಿಯಲ್ಲಿ, ಹಾಗಾದರೆ ಯಾರಿಗೂ ಬೇಡ ಅಂದೆ. "ನಿಲ್ಲಿ ಅಕ್ಕ," ಅಂದರು. ಪರೀಕ್ಷೆ ನಡೆದದ್ದು ಬ್ರಿಟನ್ನಿನಲ್ಲಿ, ವರ್ಷ ವರ್ಷ ಹಲ್ಲು ತೋರಿಸುವವರ ಮೇಲೆ. ನಮ್ಮ ಊರಿನಲ್ಲಿ ಐವತ್ತು ದಾಟಿದ ಮೇಲೆ ಮೊದಲ ಸಲ ಬಾಯಿ ತೆರೆಯುವವರು ಬರುತ್ತಾರೆ. ಅವರಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ. ಆಮೇಲೆ ನನ್ನ ಗಂಡನ ಒಸಡಿನ ಸಂದಿಗೆ ಗೆರೆ ಹಾಕಿದ ಒಂದು ತೆಳು ಕಡ್ಡಿ ಇಳಿಸಿ, ಒಂದೊಂದೇ ಹಲ್ಲಿನ ಅಳತೆ ಗಟ್ಟಿಯಾಗಿ ಹೇಳುತ್ತಾ ಹೋದರು. ಮೂರು, ಮೂರು, ಆರು. ಆ ಆರು ಅನ್ನುವಾಗ ಧ್ವನಿ ಸ್ವಲ್ಪ ತಗ್ಗಿತು. ಆರು ಮಿಲಿಮೀಟರ್ ಅಂದರೆ ಒಸಡು ಹಲ್ಲನ್ನು ಬಿಟ್ಟು ಜೇಬಿನ ಹಾಗೆ ಆಗಿದೆ. ಅವರಿಗೆ ಮೂರು ತಿಂಗಳಿಗೊಮ್ಮೆ ಬೇಕೇ ಬೇಕು, ನನಗೆ ಬೇಡ. ಒಂದೇ ಮನೆ, ಒಂದೇ ಸಾರು, ಎರಡು ಲೆಕ್ಕ. ಪ್ಯಾಕೇಜಿನಲ್ಲಿ ಇಬ್ಬರಿಗೂ ಒಂದೇ ಇತ್ತು.

ಮಗಳ ಬುದ್ಧಿ ಹಲ್ಲಿನ ಕಥೆ ಚಿಕ್ಕದು. ಅಡ್ಡ ಬೆಳೆದಿವೆ, ನೋವಿಲ್ಲದಿದ್ದರೂ ನಾಲ್ಕನ್ನೂ ಈಗಲೇ ತೆಗೆಸಿ ಅಂತ ಹಿಂದಿನ ಕಡೆ ಹೇಳಿದ್ದರು. ಇಲ್ಲಿ ಎಕ್ಸ್‌ರೇ ನೋಡಿ, ಕಾಯಿಲೆ ಇಲ್ಲದ ಬುದ್ಧಿ ಹಲ್ಲನ್ನು ಸುಮ್ನೆ ಮುನ್ನೆಚ್ಚರಿಕೆಗೆ ತೆಗೆಯಬೇಡಿ ಅಂತ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಹೇಳಿದೆ ಅಂದರು. ಎಲ್ಲ ದೇಶದವರೂ ಅದನ್ನು ಒಪ್ಪಿಲ್ಲ ಅಂತಲೂ ಹೇಳಿದರು. ಮಗಳು ಇಟ್ಟುಕೊಳ್ಳುತ್ತೇನೆ ಅಂದಳು. ವರ್ಷಕ್ಕೊಮ್ಮೆ ನೋಡುತ್ತಾರೆ. ಮೂರು ಹಾಗೇ ಇವೆ. ಒಂದು ಹೋದ ವರ್ಷ ಕೀವಾಗಿ ತೆಗೆಸಬೇಕಾಯಿತು. ಆಗ ಮಗಳು "ಮೊದಲೇ ತೆಗೆಸಿದ್ದರೆ?" ಅಂತ ಮುಖ ಊದಿಸಿಕೊಂಡೇ ಕೇಳಿದಳು. ಹಾಗಾದರೆ ನೀನು ಉಳಿದ ಮೂರನ್ನೂ ಸುಮ್ನೆ ಕಳೆದುಕೊಳ್ಳುತ್ತಿದ್ದೆ ಅಂದರು ಡಾಕ್ಟ್ರು. ಅವಳಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ, ನನಗೂ ಅರ್ಧವೇ.

ಪೇಸ್ಟಿನ ಬಗ್ಗೆ ಕೇಳಿದ ದಿನ ಮನೆಗೆ ಬಂದು ಬಚ್ಚಲಿನ ಟ್ಯೂಬುಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿದೆ. ನಾಲ್ಕು ಜನಕ್ಕೆ ಮೂರು ಪೇಸ್ಟು. ಎರಡರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ. ಲವಂಗ ಉಂಟು, ಬೇವು ಉಂಟು, ಉಪ್ಪೂ ಉಂಟು. ಹಲ್ಲು ಹುಳುಕಾಗುವುದನ್ನು ತಡೆಯಲು ಪೇಸ್ಟಿನಲ್ಲಿ ಗಟ್ಟಿ ಸಾಕ್ಷಿ ಇರುವುದು ಫ್ಲೋರೈಡಿಗೇ ಅಂತ ಡಾಕ್ಟ್ರು ಹೇಳಿದ್ದು. ಕಾಕ್ರೇನಿನವರು 2003ರಲ್ಲಿ ಮಕ್ಕಳ ಮೇಲಿನ 70 ಪರೀಕ್ಷೆಗಳನ್ನು ಕೂಡಿಸಿದಾಗ ಹುಳುಕು ಸರಾಸರಿ 24% ಕಮ್ಮಿ ಕಂಡಿತ್ತು. ನಮ್ಮ ದೇಶದಲ್ಲಿ ಪೇಸ್ಟಿಗೆ ಫ್ಲೋರೈಡ್ 1000 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲಿನವರೆಗೆ, ಹಾಕಬಹುದು, ಎಷ್ಟು ಅಂತ ಟ್ಯೂಬಿನ ಮೇಲೆ ಬರೆದಿರಬೇಕು. ಬರೆದಿರುತ್ತಾರೆ, ಇರುವೆಯ ಕಾಲಿನಷ್ಟು ಅಕ್ಷರದಲ್ಲಿ.

ನನ್ನ ಅಜ್ಜಿ ಹಣ್ಣಾದ ಮಾವಿನ ಎಲೆ, ಉಮಿಕರಿ ಬಿಟ್ಟು ಬೇರೆ ಮುಟ್ಟಿದವರಲ್ಲ. ಹಲ್ಲು ನೋವು ಬಂದರೆ ಗುಳ್ಳದ ಬೀಜ ಕೆಂಡಕ್ಕೆ ಹಾಕಿ ಹೊಗೆ ಹಿಡಿಯುವವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಆಮೇಲೆ ಹಲ್ಲಿನಿಂದ ಬಿದ್ದದ್ದು ಅಂತ ಅವರು ನೀರಿನಲ್ಲಿ ಬಿಳಿ ಹುಳ ತೋರಿಸುತ್ತಿದ್ದರು. ನಾನೇ ಕಣ್ಣಾರೆ ನೋಡಿದ್ದೇನೆ ಅಂದೆ. ಬೀಜ ಕಾದು ಸಿಡಿದಾಗ ಒಳಗಿನ ಮೊಳಕೆ ಹೊರಗೆ ಬರುತ್ತದೆ, ಅದು ನೋಡಲು ಹುಳದ ಹಾಗೇ ಇರುತ್ತದೆ ಅಂದರು ಡಾಕ್ಟ್ರು. ಹುಳುಕು ಅನ್ನುವ ಶಬ್ದದಲ್ಲೇ ಹುಳ ಕೂತಿರುವಾಗ ನಾವು ನಂಬದೆ ಏನು ಮಾಡುವುದು!

ಈಗ ಮಾವನ ವಿಷಯ. ಇದನ್ನು ಬರೆಯಲು ಸ್ವಲ್ಪ ಮುಜುಗರ. ನಮ್ಮದು ಅಡಿಕೆ ತೋಟ. ನನ್ನ ಸಂಬಳ ಬಿಟ್ಟರೆ ಮನೆ ನಡೆಯುವುದು ಚಾಲಿ ಅಡಿಕೆಯಲ್ಲೇ. ಕಾಸರಗೋಡಿನಲ್ಲಿ ಅಡಿಕೆ ತೆಂಗಿಗೆ ಅಂತಲೇ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಉಂಟು, ಊರಿಗೆ ಊರೇ ಇದರಲ್ಲಿ ಉಣ್ಣುತ್ತದೆ. ಮಾವನಿಗೆ 81. ದಿನಕ್ಕೆ ಹತ್ತು ಹದಿನೈದು ಸಲ ಎಲೆ ಅಡಿಕೆ. ಹೊಗೆಸೊಪ್ಪು ಬಿಟ್ಟು ಇಪ್ಪತ್ತು ವರ್ಷ ಆಯಿತು, ಆದ್ದರಿಂದ ತನಗೆ ಏನೂ ಆಗುವುದಿಲ್ಲ ಅಂತ ಅವರ ಲೆಕ್ಕ.

ಅವರನ್ನು ಕರೆದುಕೊಂಡು ಹೋದದ್ದು ಹಲ್ಲು ಸೆಟ್ಟಿಗೆ. ಡಾಕ್ಟ್ರು ಹಲ್ಲು ನೋಡುವ ಮೊದಲು ಕೆನ್ನೆ ನೋಡಿದರು. ಬಟ್ಟೆಯ ತುಂಡಿನಲ್ಲಿ ನಾಲಿಗೆಯ ತುದಿ ಹಿಡಿದು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಎತ್ತಿ ನೋಡಿದರು. ಎಡಗೆನ್ನೆಯ ಒಳಗೆ, ಮಾವ ಅಡಿಕೆ ಒತ್ತಿ ಇಡುವ ಜಾಗದಲ್ಲಿ, ಬೆರಳಿನಿಂದ ಸವರಿ ಸ್ವಲ್ಪ ಹೊತ್ತು ಸುಮ್ಮನಾದರು. "ಅಜ್ಜ, ನಿಮ್ಮದೇ ಮೂರು ಬೆರಳು ಜೋಡಿಸಿ ನಿಲ್ಲಿಸಿ, ಬಾಯೊಳಗೆ ಇಡಿ." ಎರಡು ಹೋಯಿತು, ಮೂರನೆಯದು ಹೋಗಲಿಲ್ಲ. ಮಾವ ಮತ್ತೊಮ್ಮೆ ಪ್ರಯತ್ನಿಸಿದರು, ಹೋಗಲಿಲ್ಲ. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು.

ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗುತ್ತಾ ಬಾಯಿ ತೆರೆಯುವುದು ಕಮ್ಮಿಯಾಗುತ್ತದೆ, ಗಟ್ಟಿಯಾದದ್ದು ಮೊದಲಿನ ಹಾಗೆ ಆಗುವುದು ಕಷ್ಟ, ಅದರಿಂದ ಕ್ಯಾನ್ಸರಿಗೂ ತಿರುಗಬಹುದು ಅಂತ ವಿವರಿಸಿದರು. "ಹೊಗೆಸೊಪ್ಪು ಇಲ್ಲ ಕೂಸೇ," ಅಂದರು ಮಾವ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೇ ಸೇರಿಸಿದೆ ಅಂತ ಡಾಕ್ಟ್ರು ಹೇಳಿದರು. "ಅದು ಹೊರದೇಶದವರ ಕಿತಾಪತಿ, ನಮ್ಮ ಬೆಲೆ ಇಳಿಸಲಿಕ್ಕೆ." ಈ ಮಾತು ನಮ್ಮ ಅಂಗಳದಲ್ಲಿ ದಿನಾ ಕೇಳುವಂಥದ್ದೇ, ನಾನೂ ಹೂಂಗುಟ್ಟಿದವಳೇ.

ಡಾಕ್ಟ್ರು ಜಗಳಕ್ಕೆ ಹೋಗಲಿಲ್ಲ. ಸರಿ ಅಜ್ಜ, ಹೊರದೇಶ ಬೇಡ, ನಮ್ಮ ಕೇರಳದ್ದೇ ಹೇಳುತ್ತೇನೆ ಅಂದರು. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಿಂದ ಒಂದು ದೊಡ್ಡ ಪರೀಕ್ಷೆ ನಡೆಯಿತು. 1,90,000ಕ್ಕೂ ಹೆಚ್ಚು ಜನ. ಏಳು ಪಂಚಾಯತುಗಳಲ್ಲಿ ತರಬೇತಿ ಪಡೆದವರು ಮನೆಮನೆಗೆ ಹೋಗಿ ಬಾಯಿ ನೋಡಿದರು, ಮೂರು ವರ್ಷಕ್ಕೊಂದು ಸುತ್ತು. ಆರರಲ್ಲಿ ನೋಡಲಿಲ್ಲ. ಮೆಶಿನ್ ಇಲ್ಲ, ರಕ್ತ ಪರೀಕ್ಷೆ ಇಲ್ಲ, ಬೆಳಕು ಮತ್ತು ಕಣ್ಣು ಅಷ್ಟೇ. 2005ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಲೆಕ್ಕ ಬಂತು. ಹೊಗೆಸೊಪ್ಪು ಅಥವಾ ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಮ್ಮಿ. ಎಲ್ಲರನ್ನೂ ಸೇರಿಸಿದರೆ ವ್ಯತ್ಯಾಸ ಅಷ್ಟು ಖಚಿತವಾಗಿ ಕಾಣಲಿಲ್ಲ ಅಂತ ಇಲ್ಲೂ ಆ ಒಂದು ಸಹಿ ಕಮ್ಮಿ ಇರುವುದನ್ನು ತೋರಿಸಿದರು. "ನೀವು ಇಪ್ಪತ್ತು ವರ್ಷದ ಹಿಂದಿನವರೆಗೆ ಹೊಗೆಸೊಪ್ಪು ತಿಂದವರು. ನನ್ನ ಹತ್ತಿರ ಬೆಳಕು ಉಂಟು, ಕಣ್ಣು ಉಂಟು. ಮೂರು ತಿಂಗಳಿಗೊಮ್ಮೆ ಬರುತ್ತೀರಾ?"

ಮಾವ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಎಲೆ ತಟ್ಟೆ ಎಳೆದುಕೊಂಡರು. ಎಲೆಗೆ ಸುಣ್ಣ ಹಚ್ಚಿದರು. ಅಡಕತ್ತರಿ ಎತ್ತಿ ಅಡಿಕೆಯನ್ನು ಎರಡು ಹೋಳು ಮಾಡಿ, ನೋಡಿ, ಒಂದು ಹೋಳನ್ನು ತಿರುಗಿ ತಟ್ಟೆಗೆ ಹಾಕಿದರು. ಪೂರ್ತಿ ಬಿಟ್ಟಿಲ್ಲ. ಈಗ ದಿನಕ್ಕೆ ಮೂರು ನಾಲ್ಕು ಸಲಕ್ಕೆ ಇಳಿದಿದೆ. ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲಿ ಸದ್ಯಕ್ಕೆ ಕ್ಯಾನ್ಸರ್ ಇಲ್ಲ ಅಂತ ಬಂದಿದೆ. ತಪಾಸಣೆಗೆ ತಪ್ಪದೆ ಹೋಗುತ್ತಾರೆ, ಹೊರಡುವ ದಿನ ಅಂಗಿಯನ್ನೂ ಅವರೇ ಇಸ್ತ್ರಿ ಮಾಡಿಕೊಳ್ಳುತ್ತಾರೆ.

ಇನ್ನೊಂದು ವಿಷಯ ಹೇಳಲೇಬೇಕು. ಈ ಡಾಕ್ಟ್ರು ತಾನು ಮಾಡಿದ ಪ್ರತಿ ರೂಟ್ ಕೆನಾಲನ್ನೂ ಒಂದು ವರ್ಷದ ನಂತರ ಕರೆಸಿ ಪುಕ್ಕಟೆ ಎಕ್ಸ್‌ರೇ ತೆಗೆದು ರಿಜಿಸ್ಟರಿಗೆ ಬರೆದಿಡುತ್ತಾರೆ. ಸರಿಯಾದದ್ದನ್ನೂ, ಕೆಟ್ಟದ್ದನ್ನೂ. ಕೆಟ್ಟದ್ದಕ್ಕೆ ಕೆಂಪು ಶಾಯಿ. ಅದಕ್ಕೆ ನಮ್ಮ ಒಪ್ಪಿಗೆ ಬೇಕು, ಹೆಸರು ಎಲ್ಲೂ ಬರುವುದಿಲ್ಲ. ಒಪ್ಪಿಗೆಯ ಫಾರ್ಮು ಮಲಯಾಳದಲ್ಲೂ ಉಂಟು, ಕನ್ನಡದಲ್ಲೂ ಉಂಟು. ಕಾಸರಗೋಡಿನಲ್ಲಿ ಕನ್ನಡದ ಫಾರ್ಮು ಕೈಗೆ ಸಿಗುವುದೆಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಓದದ ಲಿಪಿಯ ಕೆಳಗೆ ಸಹಿ ಹಾಕಿ ಹಾಕಿ ನಮ್ಮ ಕೈ ಸವೆದಿದೆ.

ಆದರೆ ಆ ಕನ್ನಡ! ಯಾರೋ ಫೋನಿನಲ್ಲಿ ಅನುವಾದ ಮಾಡಿಸಿದ್ದು. "ನೀವು ಬಯಸಿದಾಗ ಅಧ್ಯಯನದ ಹಿಂಭಾಗಕ್ಕೆ ಹೋಗಬಹುದು" ಅಂತ ಇತ್ತು. ಮಾವ ಅದನ್ನು ಎರಡು ಸಲ ಓದಿ, ಕ್ಲಿನಿಕ್ಕಿನ ಹಿಂದೆ ಏನುಂಟು ಅಂತ ಕೇಳಿದರು. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಅಂತ ಅದರ ಅರ್ಥವಂತೆ. ನಾನು ಅಲ್ಲಿಯೇ ಕೂತು ಕೆಂಪು ಪೆನ್ನಿನಲ್ಲಿ ಇಡೀ ಪುಟ ತಿದ್ದಿಕೊಟ್ಟೆ. ಮುಂದಿನ ಸಲ ಹೋದಾಗ ಹೊಸದಾಗಿ ಅಚ್ಚು ಹಾಕಿಸಿದ್ದರು.

ಇನ್ನು ಬೈಯುವುದು. ಕ್ಲಿನಿಕ್ ಮೊದಲ ಮಾಳಿಗೆಯಲ್ಲಿ, ಮೆಟ್ಟಿಲು ಕಡಿದು, ಒಂದು ಕಡೆ ಹಿಡಿದುಕೊಳ್ಳಲು ಕಂಬಿಯೇ ಇಲ್ಲ. ಮಾವನನ್ನು ಹತ್ತಿಸುವಾಗ ನನಗೆ ಜೀವ ಬಾಯಿಗೆ ಬರುತ್ತದೆ. ಕೌಂಟರಿನ ಹುಡುಗಿಗೆ ಮಲಯಾಳ ಮಾತ್ರ ಬರುತ್ತದೆ, ಫೋನ್ ಎತ್ತುವುದು ಮೂರನೇ ಸಲಕ್ಕೆ. ಕ್ಯಾಪ್ ಮಾಡಿಸಲು ಹೊರಗಿನ ಲ್ಯಾಬಿಗೆ ಕಳಿಸುತ್ತಾರೆ. ನನ್ನದು ಬರಲು 12 ದಿನ, ಬಂದ ಬಣ್ಣ ಪಕ್ಕದ ಹಲ್ಲಿಗೆ ಹೊಂದದೆ ಮತ್ತೆ 9 ದಿನ. ಗೋಡೆಯಲ್ಲಿ ಹಲ್ಲು ಬೆಳ್ಳಗೆ ಮಾಡುವ ಯಾವುದೋ ಕಂಪನಿಯ ದೊಡ್ಡ ಪೋಸ್ಟರ್ ನೇತಾಡುತ್ತಿದೆ. ಇದಕ್ಕೆ ಆಧಾರ ಏನು ಡಾಕ್ಟ್ರೇ ಅಂದೆ. ಗೋಡೆಯಲ್ಲಿ ಒರೆಸಿದರೆ ಹೋಗದ ಕಲೆ ಉಂಟು, ಅದನ್ನು ಮುಚ್ಚಲಿಕ್ಕೆ ಅಂದರು. ಎಲ್ಲಕ್ಕಿಂತ ದೊಡ್ಡ ಕಷ್ಟ ಕಾಯುವುದು. ಒಬ್ಬೊಬ್ಬರಿಗೂ ಇಷ್ಟು ಬಿಡಿಸಿ ಹೇಳಿದರೆ ಹೊರಗೆ ಕೂತವರ ಗತಿ ಏನು? ಹೇಳಿಸಿಕೊಳ್ಳುವಾಗ ನನಗೆ ಅದು ನೆನಪಾಗುವುದಿಲ್ಲ, ಅದೂ ನಿಜ.

ದರ ಹೇಳುವುದಾದರೆ, ನೋಡಲಿಕ್ಕೆ 200 ರೂಪಾಯಿ. ನನ್ನ ರೂಟ್ ಕೆನಾಲಿನ ಉಳಿದ ಅರ್ಧಕ್ಕೆ 2,500, ಕ್ಯಾಪಿಗೆ 5,000 ಆಗಿತ್ತು. ಎಲ್ಲದಕ್ಕೂ ರಶೀದಿ ಕೊಡುತ್ತಾರೆ. ಭಾನುವಾರ ರಜೆ. ಒಂಬತ್ತೂವರೆಗೆ ಮೊದಲು ಹೋಗಿ ಹೆಸರು ಬರೆಸಿ. ಹನ್ನೊಂದರ ನಂತರ ಹೋಗುವುದಾದರೆ ಬುತ್ತಿ ಕಟ್ಟಿಕೊಂಡು ಹೋಗಿ.